ಸೆಲ್ಫ್ ತಗೊಳ್ಳದ ಟ್ರ್ಯಾಕ್ಟರೂ ನಮ್ಮ ಓದೂ

ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ನಮ್ಮಪ್ಪ ನನ್ನ ಕೈಗೊಂದು ಪುಸ್ತಕ ಕೊಟ್ಟು, "ಇಷ್ಟೆಲ್ಲ ಓದಿದೀಯ, ಇದೊಂದು ಓದಿ ಗಾಡಿಗೆ ಏನಾಗೈತೆ ಹೇಳು ನೋಡನ" ಎಂದ. ನಾನು ಕನ್ನಡ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡುತ್ತಿರುವವನು. ನಾಲ್ಕು ವರ್ಷದಿಂದ ಪಠ್ಯ, ಓದು, ಅರ್ಥ ಎಂಬ ಮೂರು ಪದಗಳ ಸುತ್ತ ತಿರುಗುತ್ತಿದ್ದೇನೆ. ಅಪ್ಪ ಕೊಟ್ಟದ್ದು ನಮ್ಮ ಮಿನಿ ಟ್ರ್ಯಾಕ್ಟರಿನ ಕೈಪಿಡಿ. ಅದು ಇಂಗ್ಲಿಷಿನಲ್ಲಿತ್ತು, ಇಂಗ್ಲಿಷ್ ನನಗೆ ಬರುತ್ತದೆ. ಆದರೂ ಅದರಲ್ಲಿ ಓದುವುದಕ್ಕೇ ಏನೂ ಇರಲಿಲ್ಲ. 'ಎಂಜಿನ್ ಸ್ಟಾರ್ಟ್ ಆಗದಿದ್ದರೆ' ಎಂಬ ತಲೆಬರಹದ ಕೆಳಗೆ ಮೂರೇ ಸಾಲು: ಬ್ಯಾಟರಿ ನೋಡಿ, ಫ್ಯೂಸ್ ನೋಡಿ, ಡೀಲರನ್ನು ಸಂಪರ್ಕಿಸಿ. ಹಿಂದಿನ ಪುಟದಲ್ಲಿ ಇರುವೆ ಸಾಲಿನಂತಹ ಒಂದು ವೈರಿಂಗ್ ಚಿತ್ರ. ಅಂಗಡಿಯಲ್ಲಿ ಜೆರಾಕ್ಸ್ ಮಾಡಿದ್ದಕ್ಕಿಂತ ಮಸುಕಾಗಿತ್ತು. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕನ್ನಡಕ ಹಾಕಿಕೊಂಡರೂ ಕಾಣಲಿಲ್ಲ.

"ಗೊತ್ತಾಗಲ್ಲಪ್ಪ" ಎಂದೆ. ಅಪ್ಪ ಪುಸ್ತಕ ಮಡಚಿ ಒಳಗಿಟ್ಟ. ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು.

ಆ ಬೆಳಗಿನ ಅವಮಾನದಿಂದ ಈ ಬರಹ ಹುಟ್ಟಿದೆ. ನನ್ನ ವಾದ ನೇರವಾದದ್ದು. ಕೆಟ್ಟುನಿಂತ ಯಂತ್ರದ ಮುಂದೆ ಕೂತು ಕಾರಣ ಹುಡುಕುವುದು ವಿಚಾರದ ಕೆಲಸ. ಅದನ್ನು ರೈತರ ಕೈಯಿಂದ ಕಿತ್ತುಕೊಂಡು 'ಪಾರ್ಟ್ ಬದಲಾಯಿಸಿ' ಎಂಬ ಒಂದೇ ಮಾತಿಗೆ ಇಳಿಸಿರುವುದು ಮೋಸ. ಈ ಮೋಸದಲ್ಲಿ ಯಂತ್ರ ಮಾರುವವರ ಜೊತೆ ಕನ್ನಡದ ಹೆಸರಿನಲ್ಲಿ ಸಂಬಳ, ಫೆಲೋಶಿಪ್ ಪಡೆಯುವ ನಾವೂ ಪಾಲುದಾರರು.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ನಮ್ಮದು ಚನ್ನಗಿರಿ ಸೀಮೆ. ಇಲ್ಲಿ ಅಡಿಕೆ ಮರಗಳ ನಡುವೆ ಒಂಬತ್ತು ಅಡಿ ಅಂತರ. ದೊಡ್ಡ ಟ್ರ್ಯಾಕ್ಟರ್ ತೋಟದೊಳಗೆ ತಿರುಗುವುದಿಲ್ಲ. ಅದಕ್ಕೇ ಮೂರಡಿ ಅಗಲದ ಮಿನಿ ಟ್ರ್ಯಾಕ್ಟರ್. ಗೊನೆ ಕಿತ್ತ ದಿನ ಅದಕ್ಕೆ ಸಣ್ಣ ಟ್ರೇಲರ್ ಕಟ್ಟಿ ಹಸಿ ಅಡಿಕೆಯನ್ನು ಮನೆಗೆ ಸಾಗಿಸಬೇಕು, ಸುಲಿಸಬೇಕು, ಬೇಯಿಸಬೇಕು. ತಡವಾದರೆ ಕಾಯಿ ಹಣ್ಣಾಗುತ್ತ ಹೋಗುತ್ತದೆ, ಕೆಂಪಡಿಕೆಯ ದರ ಕೈಬಿಡುತ್ತದೆ. ಕೀಳುವವರು ಒಪ್ಪಿಕೊಂಡ ದಿನವೇ ಗಾಡಿ ನಿಂತಿತು. ಕೀ ತಿರುಗಿಸಿದರೆ ಒಂದು 'ಟಕ್'. ಅಷ್ಟೇ. ಲೈಟು ಚೆನ್ನಾಗಿ ಉರಿಯುತ್ತಿತ್ತು, ಹಾರನ್ ಕೂಗುತ್ತಿತ್ತು.

ಒಂದು ತಿಂಗಳ ಹಿಂದೆಯೂ ಹೀಗೇ ಆಗಿತ್ತು. ಆಗ ಮಾರಿದವರ ವರ್ಕ್‌ಶಾಪಿನಿಂದ ಬಂದ ಹುಡುಗ ಬ್ಯಾಟರಿ ಬದಲಾಯಿಸಿ ಹೋಗಿದ್ದ. ಈ ಸಲ ಫೋನಿನಲ್ಲೇ ತೀರ್ಪು ಬಂತು: ಸ್ಟಾರ್ಟರ್ ಮೋಟರ್ ಹೋಗಿದೆ, ಹೊಸದು ಹಾಕಬೇಕು, ಹದಿನಾಲ್ಕು ಸಾವಿರದ ಮೇಲಾಗುತ್ತದೆ, ಸ್ಟಾಕ್ ಬರಲು ನಾಲ್ಕು ದಿನ. ಯಾರೂ ಬಂದು ನೋಡಿರಲಿಲ್ಲ, ಯಾವ ಮೀಟರನ್ನೂ ಇಟ್ಟಿರಲಿಲ್ಲ. ಅಪ್ಪ "ಆಯ್ತು ತರಿಸ್ರಿ" ಎನ್ನುವವನಿದ್ದ. ನನ್ನ ಫೆಲೋಶಿಪ್ ಆರು ತಿಂಗಳಿಂದ ಬಂದಿರಲಿಲ್ಲ. ಆ ಹದಿನಾಲ್ಕು ಸಾವಿರ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿತ್ತು: ಸೊಸೈಟಿಯಿಂದ, ಸಾಲವಾಗಿ.

ಅಮ್ಮ ಹೇಳಿದ್ದು, "ಚಾಚಾನ್ನ ಒಂದ್ಸಲ ಕರೀರಿ." ಬಸ್ ಸ್ಟ್ಯಾಂಡಿನ ಪಕ್ಕ ಆಟೋ ಎಲೆಕ್ಟ್ರಿಕಲ್ಸ್ ಅಂಗಡಿ ಇಟ್ಟಿರುವ ಅವರನ್ನು ಊರೆಲ್ಲ ಚಾಚಾ ಎಂದೇ ಕರೆಯುವುದು. ಬಂದವರು ಗಾಡಿ ಮುಟ್ಟಲಿಲ್ಲ. ನನ್ನನ್ನು ಕೇಳಿದರು: "ಮೇಷ್ಟ್ರೆ, ಸೌಂಡ್ ಹೆಂಗ್ ಬರ್ತೈತೆ? ಒಂದೇ ಸಲ ಟಕ್ ಅಂತೈತೋ, ಟಕಟಕಟಕ ಅಂತೈತೋ, ಏನೂ ಅನ್ನಲ್ವೋ?"

ಈ ಪ್ರಶ್ನೆಯಲ್ಲಿ ಒಂದಿಡೀ ಅಧ್ಯಾಯ ಅಡಗಿದೆಯೆಂದು ನನಗೆ ಆಮೇಲೆ ತಿಳಿಯಿತು. ಕೀ ತಿರುಗಿಸಿದಾಗ ಸಣ್ಣ ತಂತಿಯೊಂದರಲ್ಲಿ ಕರೆಂಟು ಹರಿದು ಸ್ಟಾರ್ಟರಿನ ತಲೆಯ ಮೇಲಿರುವ ಸಾಲಿನಾಯ್ಡ್ ಎಂಬ ದೊಡ್ಡ ಸ್ವಿಚ್ಚನ್ನು ಎಳೆಯುತ್ತದೆ. ಆ ಸ್ವಿಚ್ಚು ಕೂತಾಗ ಬ್ಯಾಟರಿಯ ದಪ್ಪ ಕೇಬಲ್ಲಿನಿಂದ ಮೋಟರಿಗೆ ನೂರಾರು ಆಂಪಿಯರ್ ನುಗ್ಗುತ್ತದೆ. ಏನೂ ಸದ್ದಿಲ್ಲವೆಂದರೆ ತೊಂದರೆ ಸಣ್ಣ ತಂತಿಯ ದಾರಿಯಲ್ಲಿರುವ ಸಂಭವ ಹೆಚ್ಚು: ಫ್ಯೂಸ್, ಕೀ ಸ್ವಿಚ್, ಕ್ಲಚ್ ತುಳಿದಾಗ ಒತ್ತುವ ಸೇಫ್ಟಿ ಸ್ವಿಚ್, ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡುವ ಸ್ವಿಚ್. ಟಕಟಕ ಎಂದರೆ ಬಹುತೇಕ ಬ್ಯಾಟರಿ ಡೌನ್: ಸಾಲಿನಾಯ್ಡ್ ಎಳೆಯುತ್ತದೆ, ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಒಂದೇ ಟಕ್ ಎಂದರೆ ಸಾಲಿನಾಯ್ಡ್ ತನ್ನ ಕೆಲಸ ಮಾಡಿದೆ, ಆದರೆ ಮೋಟರಿಗೆ ಸಾಕಷ್ಟು ಕರೆಂಟು ತಲುಪುತ್ತಿಲ್ಲ, ಅಥವಾ ತಲುಪಿಯೂ ಮೋಟರ್ ತಿರುಗುತ್ತಿಲ್ಲ. ಮೂರು ಸದ್ದು, ಮೂರು ಬೇರೆ ದಾರಿ. ಫೋನಿನಲ್ಲಿ ತೀರ್ಪು ಕೊಟ್ಟವರು ಈ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಆಮೇಲೆ ಮೀಟರ್ ಹೊರಬಂತು. ಬ್ಯಾಟರಿಗೆ ಇಟ್ಟರೆ 12.6 ವೋಲ್ಟ್. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ತೋರಿಸುವ ಅಂಕಿ. "ಸುಮ್ಕಿದ್ದಾಗ ಎಲ್ರೂ ಒಳ್ಳೇರೇ" ಎಂದರು ಚಾಚಾ. ಎಂಜಿನ್ ಹೊತ್ತಿಕೊಳ್ಳದಂತೆ ಡೀಸೆಲ್ ನಿಲ್ಲಿಸುವ ಹಿಡಿ ಎಳೆದಿಟ್ಟು, ಗೇರು ನ್ಯೂಟ್ರಲ್ ಮಾಡಿ, ಅಪ್ಪನನ್ನು ಸೀಟಿನ ಮೇಲೆ ಕೂರಿಸಿ, "ಸೆಲ್ಫ್ ಹೊಡೀರಿ" ಎಂದರು. ಕೀ ತಿರುಗಿಸಿದ ಆ ಎರಡು ಸೆಕೆಂಡಿನಲ್ಲಿ ಬ್ಯಾಟರಿಯಲ್ಲಿ 11.6. ಕ್ರ್ಯಾಂಕ್ ಮಾಡುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಅನುಮಾನಿಸಬೇಕು, ಇಲ್ಲಿ ಬೀಳಲಿಲ್ಲ. ಇನ್ನೊಮ್ಮೆ ತಿರುಗಿಸಿ ಸ್ಟಾರ್ಟರಿನ ಟರ್ಮಿನಲ್ಲಿಗೂ ಅದರ ಮೈಗೂ ಮೀಟರ್ ಇಟ್ಟರೆ 7.1. ಬ್ಯಾಟರಿ ಕೊಟ್ಟದ್ದು 11.6, ಮೋಟರಿಗೆ ಮುಟ್ಟಿದ್ದು 7.1. ಉಳಿದ ನಾಲ್ಕೂವರೆ ವೋಲ್ಟ್ ದಾರಿಯಲ್ಲಿ ಯಾರೋ ತಿನ್ನುತ್ತಿದ್ದಾರೆ.

ಪಾಸಿಟಿವ್ ಕೇಬಲ್ಲಿನ ಎರಡು ತುದಿಗೆ ಇಟ್ಟು ನೋಡಿದರೆ 0.3. ತೊಂದರೆಯಿಲ್ಲ. ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ನಿನ ಮೈಗೂ ಇಟ್ಟರೆ 4.2. ಚಾಚಾ ಮೀಟರನ್ನು ನನ್ನ ಮುಖಕ್ಕೆ ತಿರುಗಿಸಿ ಹಿಡಿದರು. "ಅರ್ತಿಂಗ್ ಸತ್ತೈತೆ ನೋಡ್ರಿ."

ನೆಗೆಟಿವ್ ಕೇಬಲ್ ಚಾಸಿಗೆ ಸೇರುವ ಬೋಲ್ಟು ಬ್ಯಾಟರಿ ಪೆಟ್ಟಿಗೆಯ ಕೆಳಗೆ, ಕೆಸರು ಎರಚುವ ಜಾಗದಲ್ಲಿತ್ತು. ಬಿಚ್ಚಿದರೆ ಹಸಿರು ಕಿಲುಬು, ಅದರಡಿ ತುಕ್ಕು. ಬ್ಯಾಟರಿ ಬದಲಾಯಿಸಿದ ಹುಡುಗ ಮೇಲಿನ ತುದಿಯನ್ನು ಹೊಳೆಯುವಂತೆ ಒರೆಸಿ, ಕೆಳಗಿನ ತುದಿಯನ್ನು ಬಗ್ಗಿ ನೋಡದೆ ಹೋಗಿದ್ದ. ಉಪ್ಪುಕಾಗದದಲ್ಲಿ ಉಜ್ಜಿ, ಬೋಲ್ಟು ಬಿಗಿದು, ಮೇಲೆ ಗ್ರೀಸ್ ಸವರಿದ್ದಾಯಿತು. ಹಿಡಿ ಒಳಗೆ ಹಾಕಿ ಅಪ್ಪ ಕೀ ತಿರುಗಿಸಿದ. ಗಾಡಿ ಹೊತ್ತಿಕೊಂಡಿತು. ಚಾಚಾ ಮುನ್ನೂರು ರೂಪಾಯಿ ತಗೊಂಡರು. ಮಧ್ಯಾಹ್ನಕ್ಕೆ ಮೊದಲ ಟ್ರೇಲರ್ ಅಡಿಕೆ ಅಂಗಳಕ್ಕೆ ಬಂತು.

ಹಾಗಾದರೆ ಲೈಟು ಹೇಗೆ ಉರಿಯಿತು? ನಾನು ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಅದೇ ಇರಬೇಕು. ಉತ್ತರ ಜರ್ಮನಿಯ ಗೆಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಲ್ಲಿದೆ; ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಕಿಲುಬು ಹಿಡಿದ ಆ ಜಂಟಿಯ ರೋಧ ಸುಮಾರು 0.03 ಓಮ್ ಎಂದುಕೊಳ್ಳಿ. ಎರಡು ಹೆಡ್‌ಲೈಟು ಹತ್ತು ಆಂಪಿಯರ್ ಎಳೆದರೆ ಅಲ್ಲಿ ಕಳೆಯುವುದು 0.3 ವೋಲ್ಟ್, ಕಣ್ಣಿಗೆ ಗೊತ್ತೇ ಆಗದು. ಸ್ಟಾರ್ಟರ್ ನೂರೈವತ್ತು ಆಂಪಿಯರ್ ಕೇಳಿದರೆ ಅದೇ ಜಂಟಿ ನಾಲ್ಕೂವರೆ ವೋಲ್ಟ್ ನುಂಗುತ್ತದೆ. ಸಾಮಾನ್ಯ ಮೀಟರಿನಲ್ಲಿ ಓಮ್ ಅಳೆಯಲು ಹೋದರೂ ಸಿಗುವುದಿಲ್ಲ. ಮೀಟರಿನ ತಂತಿಯ ರೋಧವೇ ಅದಕ್ಕಿಂತ ಹೆಚ್ಚು. ಕೆಲಸ ಮಾಡಿಸುತ್ತಲೇ ಅಳೆಯಬೇಕು. ಹೊರೆ ಬಿದ್ದಾಗ ಮಾತ್ರ ಕಾಣುವ ದೋಷ ಅದು.

ಈಗ ವಾದಕ್ಕೆ ಬರುತ್ತೇನೆ.

ಚಾಚಾ ಮಾಡಿದ್ದು ಏನು? ಲಕ್ಷಣ ಕೇಳಿದರು. ಸಾಧ್ಯ ಕಾರಣಗಳನ್ನು ಗುಂಪು ಮಾಡಿದರು. ಒಂದೊಂದು ಪರೀಕ್ಷೆಯಿಂದ ಅರ್ಧ ಕಾರಣಗಳನ್ನು ತೆಗೆದುಹಾಕಿದರು. ಸಾಕ್ಷ್ಯ ಸಿಗುವ ತನಕ ಸ್ಪ್ಯಾನರ್ ಹಿಡಿಯಲಿಲ್ಲ. ಸಂಶೋಧನಾ ವಿಧಾನದ ಕೋರ್ಸಿನಲ್ಲಿ ನನಗೆ ಆರು ತಿಂಗಳು ಹೇಳಿಕೊಟ್ಟದ್ದು ಇದನ್ನೇ. ವರ್ಕ್‌ಶಾಪಿನವರು ಮಾಡಿದ್ದು ಏನು? ಬ್ಯಾಟರಿ ಇರಬಹುದು, ಬದಲಾಯಿಸಿ. ಆಗಲಿಲ್ಲವೇ, ಮೋಟರ್ ಇರಬಹುದು, ಬದಲಾಯಿಸಿ. ಇದಕ್ಕೆ ರಿಪೇರಿ ಎಂಬ ಹೆಸರು ಸಲ್ಲದು. ಇದು ಗಿರಾಕಿಯ ಜೇಬಿನ ಮೇಲೆ ನಡೆಸುವ ಊಹಾಪೋಹ. ಪ್ರತಿ ತಪ್ಪು ಊಹೆಯ ಬೆಲೆಯನ್ನು ಊಹಿಸಿದವರು ತೆರುವುದಿಲ್ಲ, ಅಪ್ಪ ತೆರುತ್ತಾನೆ.

ಒಬ್ಬ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅದು ಗೊತ್ತು. ಅವನಿಗೆ ದಿನಕ್ಕೆ ಹತ್ತು ಊರು, ಪರೀಕ್ಷೆಗೆ ಕಾಸಿಲ್ಲ, ಪಾರ್ಟ್ ಮಾರಿದರೆ ಮಾತ್ರ ಲೆಕ್ಕ. ತಪ್ಪು ವ್ಯವಸ್ಥೆಯದ್ದು: ಪಾರ್ಟಿಗೆ ಬೆಲೆ ಇಟ್ಟಿದೆ, ಪತ್ತೆಗೆ ಬೆಲೆ ಇಟ್ಟಿಲ್ಲ. ಪತ್ತೆ ಮಾಡುವ ದಾರಿಯನ್ನು ಗಾಡಿಯ ಒಡೆಯನಿಂದ ಮುಚ್ಚಿಟ್ಟಿದೆ. ಲಕ್ಷಗಟ್ಟಲೆ ಕೊಟ್ಟು ಕೊಂಡ ಯಂತ್ರದ ಜೊತೆ ಓದಲು ಬರುವ ಒಂದು ವೈರಿಂಗ್ ನಕ್ಷೆ, ಕನ್ನಡದಲ್ಲಿ ಎರಡು ಪುಟದ ದೋಷಸೂಚಿ ಕೊಡಲು ಎಷ್ಟು ಖರ್ಚಾಗುತ್ತದೆ? ಜಾಹೀರಾತು ಮಾತ್ರ ಅಚ್ಚ ಕನ್ನಡದಲ್ಲಿ, ಹೊಲದ ಬದುವಿನ ಗೋಡೆಯ ಮೇಲೂ ಬರುತ್ತದೆ. ಮಾರುವಾಗ ನೆನಪಾಗುವ ಕನ್ನಡ ಕೆಟ್ಟಾಗ ಮರೆತುಹೋಗುತ್ತದೆ.

ಇದು ನಮ್ಮೂರಿನ ಗೋಳು ಮಾತ್ರವಲ್ಲ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ಕಾನೂನು ಮಾಡಿ, ಕೃಷಿಯಂತ್ರ ತಯಾರಕರು ರಿಪೇರಿಗೆ ಬೇಕಾದ ಕೈಪಿಡಿ, ಉಪಕರಣ, ಬಿಡಿಭಾಗಗಳನ್ನು ರೈತರಿಗೂ ಹೊರಗಿನ ಮೆಕ್ಯಾನಿಕ್ಕುಗಳಿಗೂ ಒದಗಿಸಬೇಕೆಂದಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯೂ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಅದು ಗುರುತಿಸಿದ ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಆದರೆ ಹಕ್ಕು ಕಾಗದದಲ್ಲಿ ಬಂದರೂ ನಾಳೆ ನಮ್ಮಪ್ಪನ ಕೈಗೆ ಬರುವ ಕೈಪಿಡಿ ಇಂಗ್ಲಿಷಿನದೇ ಆಗಿದ್ದರೆ ಅದನ್ನು ಯಾರು ಓದಬೇಕು? ಈ ಪ್ರಶ್ನೆಯನ್ನು ಎತ್ತಬೇಕಾದವರು ಕನ್ನಡ ವಿಭಾಗಗಳಲ್ಲಿ ಕೂತಿರುವ ನಾವು. ಎತ್ತಿದ್ದೇವೆಯೇ?

ಪ್ರತಿ ನವೆಂಬರಿನ ವಿಚಾರ ಸಂಕಿರಣದಲ್ಲಿ 'ಕನ್ನಡದಲ್ಲಿ ಜ್ಞಾನಸೃಷ್ಟಿ' ಎಂಬ ಒಂದು ಗೋಷ್ಠಿ ಇದ್ದೇ ಇರುತ್ತದೆ. ನಾನೂ ಅಲ್ಲಿ ಪ್ರಬಂಧ ಓದಿದ್ದೇನೆ, ಪ್ರಮಾಣಪತ್ರ ಪಡೆದಿದ್ದೇನೆ. ಆ ಗೋಷ್ಠಿಗಳಲ್ಲಿ ಜ್ಞಾನ ಎಂದರೆ ಇಂಗ್ಲಿಷಿನಲ್ಲಿ ಎಲ್ಲೋ ತಯಾರಾಗಿ, ನಾವು ಸಂಸ್ಕೃತದ ಪದ ಹೊಸೆದು ಇಳಿಸಿಕೊಳ್ಳಬೇಕಾದ ಸರಕು. ಆದರೆ ಬಸ್ ಸ್ಟ್ಯಾಂಡಿನ ಪಕ್ಕ ದಿನಾ ಕನ್ನಡದಲ್ಲೇ ಜ್ಞಾನ ನಡೆಯುತ್ತಿದೆ. 'ಸೆಲ್ಫ್ ತಗೋತಿಲ್ಲ', 'ಅರ್ತಿಂಗ್ ಸತ್ತೈತೆ', 'ಬ್ಯಾಟರಿ ಡೌನ್ ಆಗೈತೆ', 'ಲೋಡ್ ತಡೀತಿಲ್ಲ' ಎಂಬ ಮಾತುಗಳಲ್ಲಿ ನಾಮಪದ ಹೊರಗಿನದು, ಕ್ರಿಯಾಪದ ನಮ್ಮದು. ತಗೊಳ್ಳುವುದು, ಸಾಯುವುದು, ತಡೆಯುವುದು: ಯಂತ್ರ ಏನು ಮಾಡುತ್ತಿದೆ ಎಂಬುದನ್ನು ಕನ್ನಡದ ಕ್ರಿಯಾಪದಗಳೇ ಹಿಡಿದುಕೊಟ್ಟಿವೆ. ಹಳ್ಳಿಯ ಬೈಗುಳ, ಒಗಟು, ಬೀಸುವ ಪದಗಳನ್ನು ನಾವು ಸಂಗ್ರಹಿಸಿದ್ದೇವೆ. ಅದು ದೊಡ್ಡ ಕೆಲಸವೇ. ಗ್ಯಾರೇಜಿನ ಕನ್ನಡವನ್ನು ಬರೆದಿಟ್ಟುಕೊಂಡ ಸಹಪಾಠಿ ನನಗೊಬ್ಬರೂ ಸಿಕ್ಕಿಲ್ಲ. ಗ್ರೀಸ್ ಮೆತ್ತಿದ ಮಾತು ಜಾನಪದವಾಗುವುದಕ್ಕೆ ಇನ್ನೂ ನೂರು ವರ್ಷ ಕಾಯಬೇಕೇನೋ.

"ಸಾಹಿತ್ಯ ಪತ್ರಿಕೆಯಲ್ಲಿ ಸ್ಟಾರ್ಟರ್ ಮೋಟರಿನ ಮಾತು ಯಾಕೆ?" ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮವರದೇ ಉದಾಹರಣೆ ಕೊಡುತ್ತೇನೆ. ಶಿವರಾಮ ಕಾರಂತರು ಕಾದಂಬರಿ ಬರೆದ ಕೈಯಲ್ಲೇ ವಿಜ್ಞಾನ ಪ್ರಪಂಚದ ಸಂಪುಟಗಳನ್ನು ಬರೆದರು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಗಿಡಮರಗಳ ಬಗೆಗಿನ ಪುಸ್ತಕ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರಿಗೆ ಇಲ್ಲದ ಮಡಿ ನಮಗೆ ಎಲ್ಲಿಂದ ಬಂತು?

ಹೊರಗಿನ ಸಾಕ್ಷಿಯೇ ಬೇಕೆಂದರೆ ಅದೂ ಇದೆ. ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞ ಜೆರಾಕ್ಸ್ ಕಂಪನಿಯ ಯಂತ್ರ ರಿಪೇರಿಯವರ ಜೊತೆ ತಿರುಗಾಡಿ ಬರೆದ ಪುಸ್ತಕ 1996ರಲ್ಲಿ ಬಂತು. ಕೈಪಿಡಿ ಕೈಕೊಟ್ಟಲ್ಲಿ ಆ ಕೆಲಸಗಾರರು ಒಬ್ಬರಿಗೊಬ್ಬರು ಕತೆ ಹೇಳಿಕೊಳ್ಳುತ್ತ ದೋಷ ಪತ್ತೆ ಮಾಡುತ್ತಿದ್ದರೆಂದು ಆತ ತೋರಿಸಿದ. ಚಾಚಾ ಕೂಡ ಬೋಲ್ಟು ಬಿಗಿಯುತ್ತ ಇನ್ನೊಂದು ಊರಿನ ಪವರ್ ಟಿಲ್ಲರಿನ ಕತೆ ಹೇಳಿದರು. ಕಥನವನ್ನೇ ಓದುವ ನಮಗೆ ಈ ಕತೆಗಳು ಕೇಳಿಸದಿದ್ದರೆ ಅದು ನಮ್ಮ ಕಿವಿಯ ದೋಷ. ಇನ್ನೊಂದು ತಮಾಷೆ ನೋಡಿ. ಷಿಕಾಗೋದಲ್ಲಿ ರಾಜಕೀಯ ತತ್ವಶಾಸ್ತ್ರದ ಪಿಎಚ್.ಡಿ. ಮಾಡಿ ಮೋಟರ್‌ಸೈಕಲ್ ರಿಪೇರಿ ಅಂಗಡಿ ಇಟ್ಟ ಮ್ಯಾಥ್ಯೂ ಕ್ರಾಫರ್ಡ್ ಕೈಕೆಲಸದ ಬಗ್ಗೆ 2009ರಲ್ಲಿ ಬರೆದ ಪುಸ್ತಕವನ್ನು ನಮ್ಮ ಹಾಸ್ಟೆಲಿನಲ್ಲಿ ಮೂವರು ಓದಿದ್ದೇವೆ. ಹಾಸ್ಟೆಲ್ ಎದುರಿನ ಗ್ಯಾರೇಜಿನವರ ಹೆಸರು ಮೂವರಿಗೂ ಗೊತ್ತಿಲ್ಲ.

ಹಾಗಂತ ಮೆಕ್ಯಾನಿಕ್ಕನ್ನು ಋಷಿ ಮಾಡುವ ಇನ್ನೊಂದು ಕಾಯಿಲೆಗೆ ನಾನು ಬೀಳುವುದಿಲ್ಲ. ಚಾಚಾರ ಕೈಯಲ್ಲಿದ್ದದ್ದು ದಿವ್ಯಜ್ಞಾನವಲ್ಲ, ಐನೂರು ರೂಪಾಯಿಯ ಮೀಟರು. ಅವರೂ ಕೆಲವು ಗುಟ್ಟುಗಳನ್ನು ಅಂಗಡಿಯ ಹುಡುಗರಿಗೆ ಹೇಳಿಕೊಡುವುದಿಲ್ಲ. 'ಅನುಭವ' ಎಂಬ ಹೆಸರಿನಲ್ಲಿ ಹರಡಿರುವ ಕೆಲವು ಪದ್ಧತಿಗಳಂತೂ ಪ್ರಾಣ ತೆಗೆಯುತ್ತವೆ. ಕೀ ಕೆಲಸ ಮಾಡದಿದ್ದರೆ ನೆಲದ ಮೇಲೆ ನಿಂತು, ಸ್ಟಾರ್ಟರಿನ ಎರಡು ಟರ್ಮಿನಲ್ಲಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಹೊತ್ತಿಸುವುದನ್ನು ನೀವೂ ನೋಡಿರಬಹುದು. ಆಗ ಕ್ಲಚ್ ಸ್ವಿಚ್ಚು, ನ್ಯೂಟ್ರಲ್ ಸ್ವಿಚ್ಚು ಎಲ್ಲವೂ ಲೆಕ್ಕಕ್ಕಿಲ್ಲದಾಗುತ್ತವೆ. ಗಾಡಿ ಗೇರಿನಲ್ಲಿದ್ದರೆ ಹೊತ್ತಿಕೊಂಡ ಕ್ಷಣವೇ ಮುಂದಕ್ಕೆ ನುಗ್ಗುತ್ತದೆ. ಹಿಂಗಾಲಿಯ ಮುಂದೆ ನಿಂತವರ ಮೇಲೆಯೇ ಹತ್ತುತ್ತದೆ. ಜಗತ್ತಿನಾದ್ಯಂತ ರೈತರು ಹೀಗೆ ಸತ್ತಿದ್ದಾರೆ.

ಕಂಪನಿಯವರ ವಾದವೂ ಇಲ್ಲೇ ಬರುತ್ತದೆ: "ಅದಕ್ಕೇ ನಾವು ನಕ್ಷೆ ಕೊಡುವುದಿಲ್ಲ, ಗೊತ್ತಿಲ್ಲದವರು ಕೈ ಹಾಕಿ ಅಪಾಯ ಮಾಡಿಕೊಳ್ಳುತ್ತಾರೆ." ಕೇಳಲು ಚೆನ್ನಾಗಿದೆ, ಆದರೆ ತಲೆಕೆಳಗು. ಜನ ಸೇಫ್ಟಿ ಸ್ವಿಚ್ಚನ್ನು ದಾಟಿ ಹೋಗುವುದು ಅದು ಎಲ್ಲಿದೆ, ಹೇಗೆ ಪರೀಕ್ಷಿಸಬೇಕು ಎಂದು ಯಾರೂ ಹೇಳಿಕೊಡದ ಕಾರಣಕ್ಕೆ. ಕ್ಲಚ್ ಪೆಡಲಿನ ಬುಡದಲ್ಲಿರುವ ಒಂದು ಸಣ್ಣ ಸ್ವಿಚ್ಚಿಗೆ ಮಣ್ಣು ಕೂತಿದೆ, ಅದರ ಪ್ಲಗ್ ಸಡಿಲವಾಗಿದೆ ಎಂದು ತಿಳಿದರೆ ಯಾರು ಸ್ಕ್ರೂಡ್ರೈವರ್ ಹಿಡಿದು ಚಕ್ರದ ಮುಂದೆ ನಿಲ್ಲುತ್ತಾರೆ? ಎಚ್ಚರಿಕೆಯ ಚೀಟಿಯನ್ನು ಇಂಗ್ಲಿಷಿನಲ್ಲಿ ಅಂಟಿಸಿ, ಕಾರಣವನ್ನು ಯಾವ ಭಾಷೆಯಲ್ಲೂ ಹೇಳದಿರುವುದು ಸುರಕ್ಷತೆಯಾಗದು. ತಿಳಿವನ್ನು ಮುಚ್ಚಿಡುವುದರಿಂದ ಅಪಾಯ ಮುಚ್ಚಿಹೋಗುವುದಿಲ್ಲ.

ಬೇಡಿಕೆಗಳು ದೊಡ್ಡವಲ್ಲ. ಕರ್ನಾಟಕದಲ್ಲಿ ಮಾರಾಟವಾಗುವ ಪ್ರತಿ ಟ್ರ್ಯಾಕ್ಟರಿನ ಜೊತೆ ಕಣ್ಣಿಗೆ ಕಾಣುವ ವೈರಿಂಗ್ ನಕ್ಷೆ ಮತ್ತು ಕನ್ನಡದ ದೋಷಸೂಚಿ ಇರಬೇಕು. ಸಬ್ಸಿಡಿ ಕೊಡುವ ಸರ್ಕಾರಕ್ಕೆ ಈ ಒಂದು ಷರತ್ತು ಹಾಕಲು ಕಷ್ಟವಿಲ್ಲ. ಪಾರ್ಟ್ ಬದಲಾಯಿಸುವ ಮೊದಲು ಮಾಡಿದ ಪರೀಕ್ಷೆ ಯಾವುದು, ಮೀಟರ್ ತೋರಿಸಿದ ಅಂಕಿ ಎಷ್ಟು ಎಂಬುದನ್ನು ಬಿಲ್ಲಿನಲ್ಲಿ ಬರೆಯಬೇಕು. ಪತ್ತೆಗೂ ಮಜೂರಿ ಕೇಳಲಿ, ಸಂತೋಷದಿಂದ ಕೊಡುತ್ತೇವೆ. ಕನ್ನಡ ವಿಭಾಗಗಳು ವರ್ಷಕ್ಕೆ ಒಬ್ಬ ಎಂ.ಎ. ವಿದ್ಯಾರ್ಥಿಯನ್ನಾದರೂ ಒಂದು ತಿಂಗಳು ಗ್ಯಾರೇಜಿಗೆ ಕಳಿಸಿ ಅಲ್ಲಿಯ ಮಾತನ್ನು ಬರೆಸಲಿ. ದೋಷಸೂಚಿ ಬರೆಯಲು ಬೇಕಾಗುವುದು ಆ ಕನ್ನಡವೇ. 'ಪ್ರಾರಂಭಕ ಚಾಲಕಯಂತ್ರದ ವೈಫಲ್ಯ' ಎಂದು ಬರೆದರೆ ಅಪ್ಪ ಇನ್ನೊಮ್ಮೆ ಪುಸ್ತಕ ಮಡಚಿಡುತ್ತಾನೆ.

ನನ್ನ ಬಗ್ಗೆಯೂ ಒಂದು ಮಾತು. ಊರಿಂದ ಮರಳಿದ ಮೇಲೆ ಪ್ರಬಂಧದ ಮೂರನೇ ಅಧ್ಯಾಯವನ್ನು ಮತ್ತೆ ತೆಗೆದೆ. ಒಂದು ಕಾದಂಬರಿ ನನ್ನ ವಾದಕ್ಕೆ ಬಗ್ಗದಿದ್ದಾಗ ನಾನು ಸಿದ್ಧಾಂತ ಬದಲಾಯಿಸಿದ್ದೆ. ಅದೂ ಹೊಂದದಿದ್ದಾಗ ಇನ್ನೊಂದು. ಕಾದಂಬರಿಯಲ್ಲಿ ಎಲ್ಲಿ ತಡೆಯುತ್ತಿದೆ ಎಂದು ಅಳೆದು ನೋಡಿರಲೇ ಇಲ್ಲ. ವರ್ಕ್‌ಶಾಪಿನ ಹುಡುಗನಿಗೂ ನನಗೂ ಇದ್ದ ವ್ಯತ್ಯಾಸವೆಂದರೆ, ನನ್ನ ತಪ್ಪು ಊಹೆಗೆ ಯಾರೂ ಸೊಸೈಟಿಯಲ್ಲಿ ಸಾಲ ಮಾಡಬೇಕಾಗಿರಲಿಲ್ಲ. ಆ ಅಧ್ಯಾಯವನ್ನು ಹೊಸದಾಗಿ ಬರೆಯುತ್ತಿದ್ದೇನೆ. ಜೊತೆಗೆ ಕೈಪಿಡಿಯ ಆ ಮಸುಕು ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಬಿಡಿಸಿ, ಚಾಚಾರನ್ನು ಕೇಳಿ ಕೇಳಿ ಪ್ರತಿ ತಂತಿಯ ಮೇಲೂ ಕನ್ನಡದಲ್ಲಿ ಬರೆದಿದ್ದೇನೆ. ಎರಡು ಕಡೆ ಚಾಚಾಗೇ ಅನುಮಾನವಿತ್ತು. ಗಾಡಿಯ ಕೆಳಗೆ ಮಲಗಿ ತಂತಿ ಹಿಡಿದು ಹೋಗಿ ಸರಿ ಮಾಡಿಕೊಂಡೆವು.

ಆ ಹಾಳೆ ಈಗ ಕೊಟ್ಟಿಗೆಯ ಗೋಡೆಯ ಮೇಲಿದೆ. ಅಪ್ಪ ಒಂದು ಮೀಟರ್ ಕೊಂಡಿದ್ದಾನೆ. ಮೊನ್ನೆ ಫೋನು ಮಾಡಿ, "ಪಕ್ಕದ ತೋಟದೋರ ಗಾಡೀನೂ ಸೆಲ್ಫ್ ತಗೋತಿರಲಿಲ್ಲ, ನೋಡಿಕೊಟ್ಟು ಬಂದೆ, ಕೀ ಸ್ವಿಚ್ಚಿನ ಹಿಂದೆ ವೈರ್ ಬಿಟ್ಟಿತ್ತು" ಎಂದ. ಆಮೇಲೆ, "ನಿನ್ನ ಪಿಎಚ್.ಡಿ. ಯಾವಾಗ ಮುಗೀತೈತೆ?" ಎಂದೂ ಕೇಳಿದ.